ಹೂಂಗುಟ್ಟಲು ಬಿಟ್ಟ ಜಾಗ

ಜುಲೈ 18, ಗುರುವಾರ

ನೆರಳು ಹುಡುಕಿಕೊಂಡು ಹೊರಟ ಆಮೆಯ ಕಥೆಯನ್ನು ನನಗೆ ಮೊದಲು ಹೇಳಿದವಳು ಅಜ್ಜಿ, ಮೂರನೇ ಕ್ಲಾಸಿನಲ್ಲಿ ಜ್ವರ ಬಂದು ಮಲಗಿದ್ದಾಗ. ನಾನು ಹೂಂಗುಟ್ಟದಿದ್ದರೆ ಅವಳು ಮುಂದೆ ಹೇಳುತ್ತಿರಲಿಲ್ಲ.

ನಿನ್ನೆ ನಮಗೆ ಪಾಠವನ್ನು ವಿಡಿಯೊ ಮಾಡುವ ತರಬೇತಿ. ಖಾಲಿ ಕ್ಲಾಸಿನಲ್ಲಿ ಮೊಬೈಲ್ ಎದುರು ನಿಂತು ಅದೇ ಕಥೆ ಹೇಳಿದೆ. ತರಬೇತಿ ಕೊಡುವ ಹುಡುಗಿ ನೋಡಿ ನಕ್ಕಳು.

“ಮೇಷ್ಟ್ರೇ, ಅಲ್ಲಲ್ಲಿ ಸುಮ್ನೆ ನಿಂತುಬಿಡ್ತೀರಲ್ಲ?”

“ಹೂಂ ಅನ್ನಲಿ ಅಂತ ಕಾದೆ ಕಣಮ್ಮ.”

“ಯಾರು, ಬೆಂಚುಗಳಾ? ಅದನ್ನೆಲ್ಲ ಕತ್ತರಿಸಿಬಿಡಿ.”

ಮನೆಗೆ ಬಂದು ಕತ್ತರಿಸಲು ಕೂತೆ, ಕೈ ಬರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಈ ಮನೆಯಲ್ಲೂ ನಾನು ಏನಾದರೂ ಹೇಳಿ ಹಾಗೇ ಕಾಯುತ್ತೇನೆ.

ಇವತ್ತು ಬೆಳಿಗ್ಗೆ ಕ್ಲಾಸಿನಲ್ಲಿ ಮಕ್ಕಳಿಗೆ ವಿಡಿಯೊವನ್ನು ಇದ್ದ ಹಾಗೆಯೇ ತೋರಿಸಿದೆ. ನಗುತ್ತಾರೇನೋ ಅನ್ನುವ ಅಳುಕಿತ್ತು. ಪರದೆಯ ಮೇಲಿನ ನಾನು ನಿಂತಲ್ಲೆಲ್ಲ ಮೂವತ್ತು ದನಿ ಒಟ್ಟಿಗೆ ಹೂಂ ಅಂದವು. ಕಥೆ ಮುಗಿದಾಗ ಎಲ್ಲರೂ ಪರದೆಯನ್ನೇ ನೋಡುತ್ತ, “ಮೇಷ್ಟ್ರೇ, ಇನ್ನೊಂದು ಹೇಳಿ” ಅಂದರು.

ನಾನು ಅವರ ಹಿಂದೆ, ಕೊನೆಯ ಬೆಂಚಿನ ಹತ್ತಿರ ನಿಂತಿದ್ದೆ. ಮೆಲ್ಲಗೆ ಹೂಂ ಅಂದೆ. ಯಾರಿಗೂ ಕೇಳಿಸಲಿಲ್ಲ.