ಹಾರ ಹಾಕಿದ ಫೋಟೋ

೬-೨-೭೪, ಬುಧವಾರ

ಟೆಸ್ಟ್ ಪೇಪರ್ ತಿದ್ದೋದು ಇನ್ನೂ ಅರ್ಧ ಉಳಿದಿದೆ. ನಾಲ್ಕನೇ ಕ್ಲಾಸಿನವರಿಗೆ ಭಾಗಾಕಾರ ಬರೋಲ್ಲ, ಬರೋದೂ ಇಲ್ಲ.

ಸಂಜೆ ಜಟಕಾದಲ್ಲಿ ಮೈಕು ಕೂಗಿಕೊಂಡು ಹೋಯ್ತು. ನಾಳೆಯಿಂದ ಮುಳಬಾಗಿಲು ಟೆಂಟ್ ಸಿನಿಮಾದಲ್ಲಿ ನಮ್ಮನೆ ಪಿಕ್ಚರ್! ಎರಡು ವರ್ಷದ ಹಿಂದೆ ಈ ಮನೇಲೇ ಶೂಟಿಂಗ್ ಆದ ದೆವ್ವದ ಮನೆ ಪತ್ತೇದಾರಿ ಕಥೆ. ಅಮ್ಮ ಆಗಲೇ ಸೀರೆ ತೆಗೆದಿಟ್ಟಳು. ಅವಳಿಗೇನು ದೆವ್ವ ಬೇಕಿಲ್ಲ. ಅದರಲ್ಲಿ ಅಪ್ಪನ ಫೋಟೋ ಇದೆ.

ತಿರುಪತಿಗೆ ಹೋಗಿಬರ್ತೀನಿ ಅಂತ ಹೋದ ಅಪ್ಪ... ಆರು ವರ್ಷ. ಪತ್ತೆ ಇಲ್ಲ. ಗೋಡೆಗೆ ಹಾಕೋಕೆ ಯಾರದಾದ್ರೂ ಫೋಟೋ ಕೊಡಿ ಅಂತ ಸಿನಿಮಾದವರು ಕೇಳಿದ್ದೇ ತಡ, ಅಮ್ಮ ಓಡಿಹೋಗಿ ತಂದುಕೊಟ್ಟಿದ್ದಳು. "ಊರೂರಲ್ಲಿ ನೋಡ್ತಾರೆ ಕಣೇ. ಇವರನ್ನ ಕಂಡಿದ್ದೀವಿ ಅಂತ ಯಾರಾದ್ರೂ ಬಂದು ಹೇಳ್ತಾರೆ."

೭-೨-೭೪

ಮೊದಲನೇ ಆಟ ನೋಡಿ ಬಂದ್ವಿ. ಬಾವಲಿಗೆ ಕಟ್ಟಿದ ದಾರ ಚೆನ್ನಾಗಿ ಕಾಣ್ತದೆ. ದೆವ್ವ ನಮ್ಮ ಬಚ್ಚಲಿಂದ ಬರ್ತದೆ, ಕೈಗೆ ವಾಚು. ಕೊಲೆಗಾರ ಯಾರು ಅಂತ ಹಿಂದೆ ಕೂತಿದ್ದ ಪಕ್ಕದ ಮನೆ ಮುನಿಯಲ್ಲಮ್ಮ ಎರಡನೇ ರೀಲಿಗೇ ಹೇಳಿಬಿಟ್ಟಳು. ನಕ್ಕೂ ನಕ್ಕೂ ಸಾಕಾಯ್ತು.

ಆಮೇಲೆ ಹಜಾರದ ಗೋಡೆ. ಅಪ್ಪ. ಫೋಟೋಗೆ ಹಾರ, ಮುಂದೆ ದೀಪ. ಶೂಟಿಂಗ್ ಹೊತ್ತಲ್ಲಿ ನಮ್ಮನ್ನ ಹಜಾರಕ್ಕೆ ಬಿಟ್ಟಿರಲಿಲ್ಲ. ಕಥೇಲಿ ಕೊಲೆಯಾದ ಯಜಮಾನರಂತೆ.

"ಅಯ್ಯೋ, ಹಾರ ಹಾಕ್ಬಿಟ್ಟಿದ್ದಾರಲ್ಲೇ!" ಅಮ್ಮ ಹಣೆ ಕುಂಕುಮ ಮುಟ್ಟಿಕೊಂಡಳು. ಹಾರ ಹಾಕಿದ ಮೇಲೆ ಮುಗೀತು. ಇಂಥವರನ್ನ ಕಂಡ್ವಿ ಅಂತ ಇನ್ಯಾರು ಬಂದು ಹೇಳ್ತಾರೆ?

೮-೨-೭೪

ಅಮ್ಮ ಊಟ ಬಿಟ್ಟಳು. "ನಿಮ್ಮಪ್ಪನೇ ನೋಡಿದ್ರೆ? ಟೆಂಟ್ ಹಾಕಿದ ಕಡೆ ಒಂದು ಪಿಕ್ಚರೂ ಬಿಡೋವ್ರಲ್ಲ. ನಾನೇ ತಿಥಿ ಮಾಡಿ ಮುಗಿಸ್ದೆ ಅಂದ್ಕೊಳ್ತಾರೆ ಕಣೇ. ಆಮೇಲೆ ಬರ್ತಾರಾ?"

ಬರೋವರಾಗಿದ್ರೆ ಇಷ್ಟೊತ್ತಿಗೆ ಬರ್ತಿದ್ರು — ಬಾಯಿಗೆ ಬಂತು. ಕಾಫಿ ಮಾಡಿಕೊಟ್ಟೆ. ಕೋಪ ಬರೋದು ಸಿನಿಮಾದವರ ಮೇಲಲ್ಲ, ಅಪ್ಪನ ಮೇಲೆ.

೧೨-೨-೭೪, ಮಂಗಳವಾರ

ಇವತ್ತು ಇಲ್ಲಿ ಪಿಕ್ಚರ್ ಕೊನೆ. ಅಮ್ಮ ದಿನಾ ಹೋಗ್ತಿದ್ದಾಳೆ, ಇವತ್ತು ನಾನೂ ಹೋದೆ. ಫೋಟೋ ಬಂದಾಗ ಅವಳು ಪರದೆ ನೋಡೋದೇ ಇಲ್ಲ. ತಿರುಗಿ ಗಂಡಸರ ಕಡೆ ನೋಡ್ತಾಳೆ, ಯಾರಾದ್ರೂ ಬೆಚ್ಚಿಬಿದ್ದು ಎದ್ದರಾ ಅಂತ.

ಒಬ್ಬ ಎದ್ದ. ಅಮ್ಮ ನನ್ನ ಕೈ ಹಿಡಿದಳು. ಕಡ್ಡಿ ಗೀರಿದ, ಬೀಡಿ ಹಚ್ಚಿದ. ಇಪ್ಪತ್ತರ ಹುಡುಗ. ಆಚೆ ಹೋದ.

ಬರ್ತಾ ದಾರೀಲಿ ಅಮ್ಮ, "ನಾಳೆಯಿಂದ ಶ್ರೀನಿವಾಸಪುರದಲ್ಲಂತೆ. ಬಸ್ಸು ಎಷ್ಟೊತ್ತಿಗೆ?"

ನನಗೆ ಸ್ಕೂಲಿದೆ ಅಂದೆ. ಈಗ ನೋಡಿದ್ರೆ ಸೀರೆ ತೆಗೆದಿಟ್ಟಿದ್ದಾಳೆ. ನಂದೂ.

ರಜಾ ಚೀಟಿ ಬರೀಬೇಕು. ಕಾರಣ ಏನಂತ—