ನನ್ನ ಅಳತೆಗೆ ಬಿಚ್ಚಿ ಹೊಲಿದ ಕವಚ

ಹೊಲಿಗೆ ಅಂಗಡಿಯ ಹಿಂದಿನ ಕೋಣೆ
ಸೋಮವಾರ, ಮಾರ್ಚ್ ಹದಿಮೂರು

ಪ್ರೀತಿಯ ಗುಬ್ಬೀ,

ಹೇಗಿದ್ದೀಯ? ಎಂಜಿನ್ ಕೋಣೆಯ ಬಿಸಿಗೆ ಕೈಮೇಲೆ ಎದ್ದಿದ್ದ ಬೊಕ್ಕೆ ಒಣಗಿತೇ? ನಿನ್ನ ಜೊತೆ ಮಲಗುವ ಗೊರಕೆರಾಣಿಯ ಶೀತ ಇಳಿಯಿತೇ? ನಿಮ್ಮ ಎಂಜಿನಿಯರ್ ಮೇಷ್ಟ್ರು ಬೆನ್ನುನೋವು ಬಿಟ್ಟು ನೆಟ್ಟಗೆ ಕೂರುತ್ತಾರೆಯೇ? ಇಲ್ಲಿ ನಿನ್ನ ಅತ್ತೆಗೆ ಆಸ್ಪತ್ರೆಯ ಪಾಳಿ ಬದಲಾಗಿ ನಿದ್ದೆ ಸರಿಹೋಗಿದೆ. ಚಿಕ್ಕಪ್ಪನ ಮೊಣಕಾಲು ಬಸ್ಸಿನ ಕ್ಲಚ್ಚಿನ ಜೊತೆ ರಾಜಿಯಾಗಿದೆ. ನಾನು ಗಟ್ಟಿಯಾಗಿದ್ದೇನೆ. ಸೂಜಿಗೆ ದಾರ ಪೋಣಿಸಲು ಮಾತ್ರ ಕನ್ನಡಕ ಬೇಕು, ಉಳಿದದ್ದಕ್ಕೆ ಬಾಯಿ ಸಾಕು.

ನಿನ್ನ ಕಾಗದ ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಇನ್ನೂ ಎಂಟು ತಿಂಗಳು ಹಡಗಿನಲ್ಲಿದ್ದರೆ ಎಂಜಿನ್ ಪರೀಕ್ಷೆಗೆ ಕೂರಿಸುತ್ತೇನೆಂದು ಮೇಷ್ಟ್ರು ತಾವಾಗಿಯೇ ಕರೆದರೂ, ಮುಂದಿನ ಬಂದರಿನಲ್ಲಿ ಇಳಿದು ಬರುತ್ತೇನೆಂದು ಬರೆದಿದ್ದೀಯ. ಕಾರಣ ನಮ್ಮ ಭಾನುವಾರದ ಆಟ. ಬೇರೆಯವರು ಕೇಳಿದರೆ ನಕ್ಕಾರು, ನನಗೆ ನಗು ಬರಲಿಲ್ಲ. ಊರಿಗೊಬ್ಬರಂತೆ ಚದುರಿರುವ ನಾವು ವಾರಕ್ಕೊಮ್ಮೆ ಸೇರುವುದು ಆ ಕಂಪ್ಯೂಟರಿನ ಕೋಟೆಯೊಳಗೆ ಮಾತ್ರ, ಹೆಡ್‌ಫೋನ್ ಸಿಕ್ಕಿಸಿಕೊಂಡು, ಒಬ್ಬರನ್ನೊಬ್ಬರು ಬೈದುಕೊಂಡು. ಅಲ್ಲಿ ನೀನೇ ಟ್ಯಾಂಕ್. ಮುಂದೆ ನಿಂತು, ಎದುರಿನ ಪ್ರಾಣಿಯ ಕೋಪವನ್ನೆಲ್ಲ ನಿನ್ನತ್ತ ಎಳೆದುಕೊಂಡು, ಎಲ್ಲರ ಪಾಲಿನ ಏಟು ತಿನ್ನುವವಳು. ನೀನು ಹೊರಟ ಮೇಲೆ ನಿನ್ನ ಕವಚದೊಳಗೆ ನಾನು ಹೊಕ್ಕೆ. ಮೂರು ಭಾನುವಾರ ಮೊದಲ ಬಾಗಿಲಲ್ಲೇ ಎಲ್ಲರೂ ಸತ್ತೆವು. "ಅಮ್ಮಾ, ನೀನು ಟ್ಯಾಂಕೋ, ಟೆಲಿಫೋನ್ ಕಂಬವೋ?" ಎಂದ ಚಿಕ್ಕಪ್ಪ. "ನೀನು ಮೊದಲು ಬಸ್ಸು ನುಗ್ಗಿಸಿದ ಹಾಗೆ ನುಗ್ಗೋದು ನಿಲ್ಲಿಸು, ಇಲ್ಲಿ ನಿನಗೆ ಯಾರೂ ದಾರಿ ಬಿಡಲ್ಲ" ಎಂದು ಅತ್ತೆ ಅವನ ಮೇಲೆ ಎಗರಿದಳು. ನಾಲ್ಕನೆಯ ಭಾನುವಾರ ಇಬ್ಬರೂ ಬರಲಿಲ್ಲ, ಆಮೇಲೂ ಬರಲಿಲ್ಲ. ಇದನ್ನೆಲ್ಲ ನಿನಗೆ ಬರೆದು ಕಂಗೆಡಿಸಿದವಳು ನಾನೇ.

ಹೋಗುವಾಗ "ಏನನ್ನೂ ಮುಟ್ಟಬೇಡ ಅಜ್ಜಿ, ಎಲ್ಲಾ ಕೂಡಿಸಿಟ್ಟಿದ್ದೀನಿ" ಅಂದಿದ್ದೆ. ಮುಟ್ಟಿರಲಿಲ್ಲ. ಹೋದ ಮಂಗಳವಾರ ಒಬ್ಬಾಕೆ ತನ್ನ ಅಪ್ಪನ ಕೋಟನ್ನು ತನ್ನ ಅಳತೆಗೆ ಮಾಡಿಕೊಡಿ ಎಂದು ತಂದಳು. ಬಿಚ್ಚಿ ನೋಡಿದರೆ ಹೊಲಿದವನು ಒಳಗೆ ಬೆರಳಗಲದ ಬಟ್ಟೆಯನ್ನೂ ಬಿಟ್ಟಿರಲಿಲ್ಲ, ಅಪ್ಪನ ಮೈಗೆ ಅಂಟಿಸಿದ ಹಾಗೆ ಕತ್ತರಿಸಿದ್ದ. ನಿನ್ನ ಕವಚವೂ ಇದೇ ಜಾತಿಯಲ್ಲವೇ ಅನ್ನಿಸಿತು. ಆಟದಲ್ಲಿ ಸಂಪಾದಿಸಿದ ಅಂಕವನ್ನೆಲ್ಲ ಕವಚದ ಗಡುಸುತನಕ್ಕೇ ಸುರಿದಿದ್ದೀಯ. ಸರಿದಾಡಲು, ಹೊರೆಯನ್ನು ಇನ್ನೊಬ್ಬರಿಗೆ ದಾಟಿಸಲು ಒಂದೂ ಇಲ್ಲ. ನಿನ್ನ ಬೆರಳು ಮಿಂಚು, ನಿನಗೆ ನಡೆಯಿತು. ನನ್ನ ಬೆರಳಿಗೆ ಎಪ್ಪತ್ತೊಂದು ವರ್ಷ.

ಆಟದೊಳಗಿನ ಕಮ್ಮಾರನ ಹತ್ತಿರ ಹೋಗಿ ಬಿಚ್ಚಿಸಿದೆ. ಮೊದಲ ಸಲ ಹುಮ್ಮಸ್ಸಿನಲ್ಲಿ ಅರ್ಧಕ್ಕರ್ಧ ಗಡುಸುತನ ತೆಗೆದು ಕಾಲಿನ ಓಟಕ್ಕೆ ಹಾಕಿದೆ. ಜಿಂಕೆಯ ಹಾಗೆ ಓಡಿಹೋಗಿ ಎರಡೇ ಏಟಿಗೆ ಸತ್ತೆ. ಮತ್ತೆ ಬಿಚ್ಚಿಸಿ, ತೊಟ್ಟು ನೋಡಿ, ತೆಗೆದು ನೋಡಿ, ಕೊನೆಗೆ ಹತ್ತರಲ್ಲಿ ಮೂರು ಪಾಲು ಸಡಿಲಿಸಿದೆ. ಒಂದು ಪಾಲು ಪಕ್ಕಕ್ಕೆ ಸರಿಯಲು, ಒಂದು ಪಾಲು ಪ್ರಾಣಿಯ ಕೋಪವನ್ನು ಜೊತೆಯವರತ್ತ ತಿರುಗಿಸುವ ವಿದ್ಯೆಗೆ. ಇನ್ನೊಂದನ್ನು ಯಾವುದಕ್ಕೂ ಹಾಕದೆ, ನಾಳೆಗೆ ಬೇಕಾದೀತೆಂದು ಒಳಗೆ ಮಡಿಚಿಟ್ಟೆ. ಆಮೇಲೆ ಚಿಕ್ಕಪ್ಪನಿಗೆ ಫೋನು ಮಾಡಿ, "ಹೇಗೂ ನುಗ್ಗುವವನು, ಒಂದು ಸಣ್ಣ ಗುರಾಣಿ ಹಿಡಿದು ನುಗ್ಗು" ಅಂದೆ. ಆಟದಲ್ಲೂ ಗಾಯ ಮಾಯಿಸುವ ಕೆಲಸದ ಅತ್ತೆ, ಅವನ ಹತ್ತಿರ ಮಾತಾಡುವುದಿಲ್ಲ, ಬರೀ ಸರದಿ ಎಣಿಸುತ್ತೇನೆ ಎಂಬ ಷರತ್ತಿನ ಮೇಲೆ ಬಂದಳು.

ಬಾಗಿಲು ಕಾಯುವ ಕಲ್ಲಿನ ಗೂಳಿ ನಿನಗೆ ಗೊತ್ತೇ ಇದೆ, ನಿಂತವರ ಕಾಲಬುಡಕ್ಕೇ ಕುದಿಯುವ ಡಾಂಬರು ಉಗುಳುತ್ತದೆ. ನಿನ್ನೆ ಅತ್ತೆ ನಾಡಿ ಹಿಡಿದವಳ ದನಿಯಲ್ಲಿ ಎಂಟು ಎಣಿಸುವವರೆಗೆ ನಾನು ನಿಂತೆ. ಆಮೇಲೆ ಅದರ ಕೋಪವನ್ನು ಚಿಕ್ಕಪ್ಪನತ್ತ ತಿರುಗಿಸಿ ಪಕ್ಕಕ್ಕೆ ಸರಿದೆ. ಅವನು ಎಂಟು, ಮತ್ತೆ ನಾನು ಎಂಟು. ಮೂರನೆಯ ಸುತ್ತಿನಲ್ಲಿ ಏಟು ತಿನ್ನುತ್ತ ತಿನ್ನುತ್ತ ಅವನು, "ಅಮ್ಮಾ, ಇಷ್ಟು ದಿನ ಆ ಹುಡುಗಿ ಒಬ್ಬಳೇ ಇದನ್ನೆಲ್ಲಾ ತಿಂತಿದ್ಲಾ?" ಅಂದ. ಅತ್ತೆಗೆ ಎಣಿಕೆ ತಪ್ಪಿತು. ಆದರೂ ಗೂಳಿ ಬಿತ್ತು. ಆಟ ಮುಗಿದ ಮೇಲೂ ಒಂದು ಗಂಟೆ ಯಾರೂ ಎದ್ದು ಹೋಗಲಿಲ್ಲ. ಅವನ ಮೊಣಕಾಲಿಗೆ ಯಾವ ಪಟ್ಟಿ ಕಟ್ಟಬೇಕೆಂದು ಅಕ್ಕ ತಮ್ಮ ಜಗಳವಾಡಿದರು, ನಾನು ಕೇಳುತ್ತ ಕಾಜ ಹೊಲಿದೆ. ಎಷ್ಟು ಹಗುರವಾಯಿತು ಅಂತ ಹೇಗೆ ಬರೆಯಲಿ.

ಹೊತ್ತಿಗೆ ಸರಿಯಾಗಿ ತಿನ್ನು. ಮೇಷ್ಟ್ರಿಗೂ ಗೊರಕೆರಾಣಿಗೂ ನನ್ನ ನಮಸ್ಕಾರ ತಿಳಿಸು. ಎಂಜಿನ್ ನಿನ್ನ ಮಾತು ಕೇಳಲಿ, ನೀನು ತಣ್ಣಗಿರು.

ನಿನ್ನ
ಅಜ್ಜಿ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಹೇಳಬೇಕಾದದ್ದೇ ಉಳಿದುಬಿಟ್ಟಿದೆ. ಈ ಕಾಗದ ನಿನ್ನ ಕೈಸೇರುವುದು ನೀನು ಇಳಿಯಬೇಕೆಂದಿರುವ ಬಂದರಿನಲ್ಲಿ. ಇಳಿಯಬೇಡ. ಮೇಷ್ಟ್ರಿಗೆ ಹೂಂ ಅನ್ನು, ಪರೀಕ್ಷೆಗೆ ಕೂತುಕೋ. ಭಾನುವಾರದ ಏಟನ್ನು ನಾವು ಮೂವರೂ ಹಂಚಿಕೊಳ್ಳುತ್ತೇವೆ. ಎಂಟು ತಿಂಗಳ ಮೇಲೆ ಬಂದಾಗಲೂ ನೀನು ಗುರಾಣಿ ಹಿಡಿಯಲೇಬೇಕೆಂದಿಲ್ಲ. ದೂರ ನಿಂತು ಬಾಣ ಬಿಡುವ ಆಸೆ ನಿನಗೆ ಮೊದಲಿನಿಂದಲೂ ಇತ್ತಂತೆ, ಅತ್ತೆ ನಿನ್ನೆ ಹೇಳಿದಳು. ನನಗೇಕೆ ಹೇಳಲಿಲ್ಲ? ಮೇಷ್ಟ್ರಿಗೆ ಏನಂದೆ ಎಂದು ಒಂದೇ ಗೆರೆಯಾದರೂ ಸರಿ, ಬೇಗ ಬರೆ.