ಕನ್ನಡಿಯಲ್ಲಿ ನೋಡುವ ಗಡಿಯಾರ

ಅಪ್ಪಾ,

ಬಳ್ಳಾರಿಯ ಗುಜರಿ ಅಂಗಡಿಯಲ್ಲಿ ನೀನು ಆ ಗಡಿಯಾರ ಎತ್ತಿಕೊಂಡ ದಿನ ಚೆನ್ನಾಗಿ ನೆನಪಿದೆ. ಅಲ್ಲಿ ಎಂಥೆಂಥವು ಇದ್ದವು! ಮುಳ್ಳು ನಿಂತೇ ಇದ್ದು ಅಂಕಿಯ ಬಿಲ್ಲೆ ತಿರುಗುವುದೊಂದು, ಮುಳ್ಳೇ ಇಲ್ಲದೆ ಪುಟ್ಟ ಕಿಂಡಿಯಲ್ಲಿ ಗಂಟೆ ತೋರಿಸುವುದೊಂದು. ನೀನು ಆರಿಸಿದ್ದು ಮಾತ್ರ ಅಂಕಿಗಳೆಲ್ಲ ತಿರುಗುಮುರುಗಾಗಿ, ಮುಳ್ಳುಗಳು ಹಿಂದಕ್ಕೆ ಓಡುವ ಗಡಿಯಾರ. ನಾನು ನಕ್ಕೆ. "ನಗಬ್ಯಾಡ. ಇದು ನಮ್ಮಂಥೋರಿಗೇ ಮಾಡಿದ್ದು. ಕತ್ತಿನ ಮ್ಯಾಲೆ ಕತ್ತಿ ಇರೋನು ಹಿಂದಕ್ಕೆ ತಿರುಗಿ ಟೈಮ್ ನೋಡಕಾಗ್ತೈತಾ?" ಅಂದೆ ನೀನು. ಚಳ್ಳಕೆರೆಯ ನಮ್ಮ ಕಟಿಂಗ್ ಶಾಪಿನಲ್ಲಿ ಕುರ್ಚಿಯ ಹಿಂದಿನ ಗೋಡೆಗೆ ಅದನ್ನು ತೂಗುಹಾಕಿದೆ. ಎದುರಿನ ಕನ್ನಡಿಯಲ್ಲಿ ನೆಟ್ಟಗೆ ಕಂಡಿತು.

ವರ್ಷಗಳು ಕಳೆದು, ನಿನ್ನ ಪಕ್ಕದಲ್ಲೇ ನಾನು ಕತ್ತರಿ ಹಿಡಿದ ಮೇಲೂ ನನಗೆ ನಾಚಿಕೆ. ಬೀದಿಯಿಂದ ಇಣುಕಿದವರೆಲ್ಲ "ಉಲ್ಟಾ ಅಂಗಡಿ" ಅನ್ನುತ್ತಿದ್ದರಲ್ಲ? ನೀನು ವಾರದ ಮಟ್ಟಿಗೆ ರಾಂಪುರದ ಅತ್ತೆಯ ಮನೆಗೆ ಹೋದಾಗ, ಬಂದು ನೋಡಿ ಖುಷಿಪಡುತ್ತೀಯ ಎಂದು ನಾನು ಒಳಗಿನ ಯಂತ್ರ, ಬಿಲ್ಲೆ ಎರಡನ್ನೂ ಬದಲಿಸಿ 'ನೆಟ್ಟಗೆ' ಮಾಡಿಸಿಬಿಟ್ಟೆ. ದೊಡ್ಡ ಬುದ್ಧಿವಂತ ನಾನು!

ಅದೇ ವಾರ ನಿನ್ನ ಹಳೆಯ ಸ್ನೇಹಿತ, ದೇವಸಮುದ್ರದ ಓಬಜ್ಜ, ಗಡ್ಡಕ್ಕೆ ಬಂದ. ಅವನಿಗೆ ಅಂಕಿ ಓದಲು ಬಾರದು, ಕನ್ನಡಿಯಲ್ಲಿ ಮುಳ್ಳು ನೋಡಿಯೇ ಹೊತ್ತು ತಿಳಿಯುವವನು. "ಬಸ್ಸಿಗೆ ಇನ್ನೂ ಹತ್ತು ನಿಮಿಷ ಐತೆ, ಮೀಸೆ ಚೆಂದಾಗಿ ಕತ್ತರಿಸು" ಅಂದ. ಯಾವ ಬಸ್ಸು ಎಂದು ನಾನೂ ಕೇಳಲಿಲ್ಲ. ಗಡಿಯಾರದಲ್ಲಿ ಆರೂ ಹತ್ತಾಗಿತ್ತು. ಕನ್ನಡಿಯಲ್ಲಿ ಅದು ಐದೂ ಐವತ್ತು. ಅವನೂರಿಗೆ ಕೊನೆಯದಾದ ಆರರ ಬಸ್ಸು ಹೋಗಿಯಾಗಿತ್ತು. ಆವತ್ತೇ ಸಂಜೆ ಅವನ ಮೊಮ್ಮಗಳ ಮದುವೆ ಗೊತ್ತುಮಾಡುವ ವೀಳ್ಯಶಾಸ್ತ್ರ. ಮನೆಯ ಹಿರಿಯ ಕೊಡಬೇಕಾದ ಎಲೆ ಅಡಿಕೆ ಬೇರೆ ಯಾರದೋ ಕೈಯಿಂದ ಹೋಯಿತು.

ನೀನು ರಾಂಪುರದಿಂದ ಬಂದ ದಿನವೇ ಓಬಜ್ಜ ಉರಿದುಕೊಂಡು ಬಂದ. "ಯಾರಲೇ ತಿಪ್ಪೇಶಿ, ಗಡಿಯಾರ ಕೆಡಿಸಿದ್ದು?" ಎಂದು ನಿನ್ನನ್ನೇ ಕೇಳಿದ. ನೀನು ಗೋಡೆ ನೋಡಿದೆ, ನನ್ನ ಮುಖ ನೋಡಿದೆ. "ನಾನೇ ಹೇಳಿ ಮಾಡ್ಸಿದ್ದು ಓಬಣ್ಣ. ನಿಂಗೆ ತಿಳಿಸ್ಬೇಕಿತ್ತು" ಅಂದೆ. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಆಮೇಲೆ ಅವನು ನಮ್ಮ ಹೊಸಿಲು ತುಳಿಯಲಿಲ್ಲ. ನೀನು ಹಳೆಯ ಯಂತ್ರವನ್ನೇ ಮತ್ತೆ ಹಾಕಿಸಿದೆ. ನನಗೆ ಒಂದು ಮಾತೂ ಬೈಯಲಿಲ್ಲ. ಅವನು ಬರುತ್ತಿದ್ದ ಸೋಮವಾರಗಳಲ್ಲಿ ಮಾತ್ರ ಬಾಗಿಲಿಗೆ ಬಂದು, ಬಸ್‌ಸ್ಟ್ಯಾಂಡ್ ಕಡೆ ನೋಡುತ್ತಾ... ಬೈದಿದ್ದರೆ ಆಗಲೇ ಎಲ್ಲ ಹೇಳಿಬಿಡುತ್ತಿದ್ದೆನೇನೋ. ನೀನು ತೀರಿಹೋದ ದಿನ ಓಬಜ್ಜ ಬಂದಿದ್ದ. ದೂರದಲ್ಲೇ ನಿಂತಿದ್ದು ಹೊರಟುಹೋದ.

ಮೊನ್ನೆ ಮಂಗಳವಾರ, ಅಂಗಡಿಗೆ ರಜೆ, ದೇವಸಮುದ್ರಕ್ಕೆ ಹೋದೆ. ಓಬಜ್ಜ ಕುರಿಹಟ್ಟಿಯ ಮುಂದೆ ಕೂತಿದ್ದ. ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಅವನು, "ನಿಮ್ಮಪ್ಪ ಇದ್ದಾಗ ಬಾಯಿ ಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತಲೇ? ತಪ್ಪಿಲ್ಲದೋನ ಮ್ಯಾಲೆ ಇಷ್ಟು ದಿನ ಸಿಟ್ಟಿಟ್ಕಂಡಿದ್ನಲ್ಲೋ! ಇದನ್ನ ಈಗ ಎಲ್ಲಿ ಬಿಸಾಕ್ಲಿ? ನಿನ್ನ ಮ್ಯಾಲೇ ಇಟ್ಕಂತೀನಿ, ಹೋಗು" ಅಂದ.

ನಿನ್ನ ಮೇಲೆ ಓಬಜ್ಜನಿಗೆ ಈಗ ಸಿಟ್ಟಿಲ್ಲ ಅಪ್ಪಾ. ಇದನ್ನು ಹೇಳಲೆಂದೇ ಬರೆದೆ. ನನ್ನ ಮೇಲಿನದು ಇರಲಿ. ಅದು ಮೊದಲಿನಿಂದಲೂ ನನ್ನದೇ.